‘ಮೂರು ದಿನ ಆಯ್ತು, ತಲುಪಿದ್ರಿ’ ಅನ್ನೋ ಜಿಎಂಗಳಿಗೆ

(1/7)

ಫೋಟೋದಲ್ಲಿರೋದು ನಮ್ಮ ಟೇಬಲ್‌ನ ಮ್ಯಾಪ್. ಎ-3 ಶೀಟು, ಸ್ಕೆಚ್ ಪೆನ್ನು, ಮೂಲೆಯಲ್ಲಿ ಟೀ ಕಲೆ. ಎರಡು ಊರುಗಳ ಮಧ್ಯೆ ಒಂದು ಗೇಣು ಬಿಳಿ ಜಾಗ ಹಂಗೇ ಖಾಲಿ ಬಿದ್ದಿದೆ ನೋಡಿ. ಇವತ್ತಿನ ಏಳೂ ಪೋಸ್ಟು ಆ ಖಾಲಿ ಜಾಗದ ಬಗ್ಗೆ.

ಹೊಸದಾಗಿ ಫಾಲೋ ಮಾಡಿದವರಿಗೆ ಎರಡೇ ಸಾಲು. ಟೇಬಲ್‌ಟಾಪ್ ಆರ್‌ಪಿಜಿ ಅಂದ್ರೆ ಸ್ಕ್ರೀನ್ ಇಲ್ಲದ ಆಟ. ನಾಲ್ಕೈದು ಜನ ಸುತ್ತ ಕೂರ್ತೀವಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಇನ್ನೊಬ್ಬರು ಜಿಎಂ, ಅಂದ್ರೆ ಗೇಮ್ ಮಾಸ್ಟರ್: ಲೋಕ ಹೇಗಿದೆ, ಎದುರಿಗೆ ಯಾರು ಬಂದ್ರು, ಏನಾಯ್ತು ಅಂತ ಹೇಳೋರು. ಗೆಲ್ತೀವೋ ಸೋಲ್ತೀವೋ ಗೊತ್ತಿಲ್ಲದ ಕಡೆ ದಾಳ ಉರುಳುತ್ತೆ. ಅಷ್ಟೇ.

ಈಗ ವಿಷಯಕ್ಕೆ ಬರ್ತೀನಿ. ನಾನು ಆಡಿದ ಟೇಬಲ್‌ಗಳಲ್ಲಿ, ಯೂಟ್ಯೂಬಲ್ಲಿ ನೋಡಿದ ಆಟಗಳಲ್ಲಿ, ಪ್ರಯಾಣ ಬಂದ ತಕ್ಷಣ ಜಿಎಂಗಳು ಎರಡು ಜಾತಿ ಆಗ್ತಾರೆ. ಮೊದಲನೇ ಜಾತಿ: "ಮೂರು ದಿನ ನಡೆದ್ರಿ, ಊರು ತಲುಪಿದ್ರಿ. ಈಗ ಏನ್ ಮಾಡ್ತೀರಾ?" ಮುಗೀತು. ಇನ್ನೂರು ಕಿಲೋಮೀಟರ್ ಕಾಡು ಒಂದು ಉಸಿರಲ್ಲಿ ಹೋಯ್ತು. ಎರಡನೇ ಜಾತಿ ಇದಕ್ಕೆ ಉಲ್ಟಾ. ಮೊದಲನೇ ದಿನ ದಾಳ ಹಾಕಿ, ತೋಳ ಬಂತು. ಎರಡನೇ ದಿನ ದಾಳ ಹಾಕಿ, ಏನೂ ಇಲ್ಲ. ಮೂರನೇ ದಿನ ದಾಳ ಹಾಕಿ, ಮತ್ತೆ ತೋಳ. ಅಷ್ಟೊತ್ತಿಗೆ ಇಬ್ಬರು ರೀಲ್ಸ್ ನೋಡ್ತಿರ್ತಾರೆ, ಒಬ್ಬ ಸಮೋಸ ತರೋಕೆ ಹೋಗಿರ್ತಾನೆ.

ಇವೆರಡೂ ಬೇರೆ ಬೇರೆ ತಪ್ಪು ಅಂತ ಎಲ್ಲರೂ ಅಂದ್ಕೊಳ್ತಾರೆ. ನನ್ನ ಪ್ರಕಾರ ಎರಡೂ ಒಂದೇ. ಎರಡರಲ್ಲೂ ದೂರ ಅನ್ನೋದು ಪುಕ್ಕಟೆ. ತೋಳದ ಜೊತೆ ಹೊಡೆದಾಡಿ, ರಾತ್ರಿ ಮಲಗಿ, ಬೆಳಿಗ್ಗೆ ಎದ್ರೆ ಗಾಯ ಎಲ್ಲ ವಾಸಿ. ನೀವು ಹೊರಟಾಗ ಹೇಗಿದ್ರೋ ತಲುಪಿದಾಗಲೂ ಹಾಗೇ ಇದ್ದೀರಿ. ಮತ್ತೆ ಆ ದಾರಿ ಯಾಕೆ ಬೇಕಿತ್ತು?

(2/7)

ಮೊದಲಿಂದ ಹೀಗಿರಲಿಲ್ಲ ಗುರೂ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಿದ್ದು 1974ರಲ್ಲಿ, ಅಮೆರಿಕದಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಮಾಡಿದ್ದು. ಆಟಕ್ಕೆ ಏನೇನು ಸಾಮಾನು ಬೇಕು ಅನ್ನೋ ಪಟ್ಟಿಯಲ್ಲಿ ಒಂದು ವಿಚಿತ್ರ ಹೆಸರಿದೆ: ‘ಔಟ್‌ಡೋರ್ ಸರ್ವೈವಲ್’. ಅದು ಆವಲಾನ್ ಹಿಲ್ ಕಂಪನಿ 1972ರಲ್ಲಿ ತಂದ ಬೇರೆಯೇ ಒಂದು ಬೋರ್ಡ್ ಗೇಮ್. ಕಾಡಲ್ಲಿ ದಾರಿ ತಪ್ಪಿ, ಹಸಿವು ಬಾಯಾರಿಕೆಯಿಂದ ಸಾಯದೆ ಹೊರಗೆ ಬರೋ ಆಟ. ಅದರ ಮ್ಯಾಪನ್ನೇ ನಿಮ್ಮ ಕಾಡುಮೇಡಿಗೆ ಬಳಸ್ಕೊಳ್ಳಿ ಅಂತ ಇವರು ಹೇಳಿದ್ರು. ಅಂದ್ರೆ ಈ ಹವ್ಯಾಸ ಹುಟ್ಟಿದಾಗಲೇ ‘ಊರಿಂದ ಊರಿಗೆ ಹೋಗೋದು’ ಆಟದ ಒಂದು ದೊಡ್ಡ ಭಾಗ ಆಗಿತ್ತು.

ಈಗ ನಮ್ಮಲ್ಲಿ ಹೆಚ್ಚು ಜನ ಆಡೋದು ಅದರ ಐದನೇ ಆವೃತ್ತಿ. 2014ರ ಪುಸ್ತಕದಲ್ಲಿ ಲೆಕ್ಕ ಎಲ್ಲ ಇದೆ. ಮಾಮೂಲಿ ನಡಿಗೆಯಲ್ಲಿ ದಿನಕ್ಕೆ 24 ಮೈಲಿ, ಅವಸರವಾಗಿ ಹೋದ್ರೆ 30, ನಿಧಾನಕ್ಕೆ ಹೋದ್ರೆ 18. ಬೇಗ ಹೋದ್ರೆ ಸುತ್ತಮುತ್ತ ಏನಿದೆ ಅಂತ ಸರಿಯಾಗಿ ಕಾಣಲ್ಲ, ನಿಧಾನ ಹೋದ್ರೆ ಕದ್ದು ಹೋಗಬಹುದು. 8 ಗಂಟೆ ಮೀರಿ ನಡೆದ್ರೆ ಸುಸ್ತಿನ ಪರೀಕ್ಷೆ. ಒಂದು ದಿನದ ಬುತ್ತಿಗೆ 5 ಬೆಳ್ಳಿ ನಾಣ್ಯ. ಓದೋಕೆ ಚೆನ್ನಾಗಿದೆ.

ಆದ್ರೆ ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ಈ ಲೆಕ್ಕವನ್ನೆಲ್ಲ ಅಳಿಸೋ ರಬ್ಬರ್ ಇಟ್ಟಿದ್ದಾರೆ. ‘ಗುಡ್‌ಬೆರಿ’ ಅಂತ ಒಂದು ಮಂತ್ರ, ಮೊದಲನೇ ಮಟ್ಟದ್ದೇ. ಹತ್ತು ಹಣ್ಣು ಬರುತ್ತೆ, ಒಂದು ಹಣ್ಣು ತಿಂದ್ರೆ ಒಂದು ದಿನದ ಊಟ ಆದ ಹಾಗೆ. ಬುತ್ತಿ ಲೆಕ್ಕ ಅಲ್ಲಿಗೆ ಮುಗೀತು. ‘ಔಟ್‌ಲ್ಯಾಂಡರ್’ ಹಿನ್ನೆಲೆ ತಗೊಂಡ್ರೆ ತನ್ನ ಜೊತೆ ಇನ್ನೂ ಐದು ಜನಕ್ಕೆ ದಿನಾ ಅನ್ನ ನೀರು ಹುಡುಕಿ ಕೊಡ್ತಾನೆ. ಇನ್ನು ರೇಂಜರ್ ಪಾತ್ರ. ಕಾಡಿನ ಪ್ರಯಾಣಕ್ಕೇ ಅಂತ ಮಾಡಿದ ಪಾತ್ರ ಅದು. ಅವನಿಗೆ ಇಷ್ಟದ ನೆಲದಲ್ಲಿ ನಡೆದ್ರೆ ಗುಂಪು ದಾರಿ ತಪ್ಪಲ್ಲ, ಕಷ್ಟದ ದಾರಿಯಲ್ಲೂ ನಿಧಾನ ಆಗಲ್ಲ, ಊಟ ಎರಡರಷ್ಟು ಸಿಗುತ್ತೆ. ಯೋಚನೆ ಮಾಡಿ: ಪ್ರಯಾಣ ಇಷ್ಟ ಅಂತ ರೇಂಜರ್ ಆದವನಿಗೆ ಆಟ ಕೊಡೋ ಬಹುಮಾನ ಏನು? ಪ್ರಯಾಣವೇ ಇರಲ್ಲ! ಅಡುಗೆ ಇಷ್ಟ ಅಂದವಳಿಗೆ ಮದುವೆ ಗಿಫ್ಟ್ ಅಂತ ಸ್ವಿಗ್ಗಿ ಕೂಪನ್ ಕೊಟ್ಟ ಹಾಗೆ.

ಕುದುರೆದೂ ಅದೇ ಕಥೆ. 75 ಚಿನ್ನದ ನಾಣ್ಯ ಕೊಟ್ಟು ಸವಾರಿ ಕುದುರೆ ತಗೋತೀರಿ. ಒಂದು ಗಂಟೆ ನಾಗಾಲೋಟದಲ್ಲಿ ಎರಡರಷ್ಟು ದೂರ ಹೋಗಬಹುದು ಅಷ್ಟೇ. ಮಿಕ್ಕಂತೆ ದಿನದ ದೂರ ನಡೆದು ಹೋದವನಷ್ಟೇ. ಅದಕ್ಕೆ ಯಾರೂ ಕುದುರೆಗೆ ಹೆಸರಿಡಲ್ಲ, ಎರಡನೇ ವಾರಕ್ಕೆ ಅದನ್ನ ಎಲ್ಲಿ ಕಟ್ಟಿದ್ವಿ ಅಂತ ಯಾರಿಗೂ ನೆನಪಿರಲ್ಲ.

(3/7)

ನನ್ನ ಟೇಬಲ್‌ನಲ್ಲಿ ಒಬ್ಬಳು ಗೆಳತಿ ಇದ್ದಾಳೆ, ನಮ್ಮ ಸೆಕ್ಷನ್ನೇ. ದಿನಾ ಹಳ್ಳಿಯಿಂದ ಬರ್ತಾಳೆ, ಒಂದು ಕಡೆಗೇ ಒಂದೂವರೆ ಗಂಟೆ. ಶನಿವಾರ ನಾವು ಆಟಕ್ಕೆ ಕೂತ್ರೆ ಅವಳ ಕಣ್ಣು ಗಡಿಯಾರದ ಮೇಲೆ, ಯಾಕಂದ್ರೆ 5:40ರ ಬಸ್ ಬಿಟ್ರೆ ಮುಂದಿನದು 7:30ಕ್ಕೆ. ಅದೂ ಬಂದ್ರೆ ಬಂತು. ಶಕ್ತಿ ಯೋಜನೆ ಬಂದ ಮೇಲೆ ಅವಳಿಗೆ ಟಿಕೆಟ್ ದುಡ್ಡಿಲ್ಲ, ಸರಿ. ಆದ್ರೆ ದಿನಕ್ಕೆ ಮೂರು ಗಂಟೆ ಹೋಗ್ತಿದೆಯಲ್ಲ, ಅದನ್ನ ವಾಪಸ್ ಕೊಡೋ ಯೋಜನೆ ಯಾವುದೂ ಇಲ್ಲ. ಟ್ಯೂಷನ್ ಹೋಗೋ ಹಾಗಿಲ್ಲ, ಸಂಜೆ ಪಾರ್ಟ್ ಟೈಮ್ ಕೆಲಸ ಹಿಡಿಯೋ ಹಾಗಿಲ್ಲ, ಕಾಲೇಜ್ ಡೇ ಪ್ರಾಕ್ಟೀಸಿಗೆ ನಿಲ್ಲೋ ಹಾಗಿಲ್ಲ.

ಬೇರೆ ಕಡೆ ಒಬ್ಬ ಜಿಎಂ "ಮೂರು ದಿನ ಆಯ್ತು, ತಲುಪಿದ್ರಿ" ಅಂದಾಗ ಇವಳು ಕೇಳಿದ್ದು ಒಂದೇ ಪ್ರಶ್ನೆ: "ಆ ಮೂರು ದಿನದಲ್ಲಿ ಊರಲ್ಲಿ ಏನಾಯ್ತು?" ಅವನ ಹತ್ರ ಉತ್ತರ ಇರಲಿಲ್ಲ. ಅವನ ಲೋಕ ನಾವು ಬರೋವರೆಗೂ ಪಾಸ್ ಬಟನ್ ಒತ್ತಿ ಕಾಯ್ತಾ ಇತ್ತು.

ನನಗೆ ಅನ್ನಿಸೋದು ಇಷ್ಟು. ಕಾಲೇಜಿಗೆ ಹತ್ತು ನಿಮಿಷದಲ್ಲಿ ಬೈಕಲ್ಲಿ ಬರೋನಿಗೆ ದೂರ ಅಂದ್ರೆ ಮ್ಯಾಪ್ ಮೇಲಿನ ಗೆರೆ. ಕೊನೇ ಬಸ್ಸಿಗೆ ಓಡಿದವಳಿಗೆ ದೂರ ಅಂದ್ರೆ ಬಿಟ್ಟುಕೊಟ್ಟ ವಸ್ತುಗಳ ಪಟ್ಟಿ. ನಮ್ಮ ಆಟಗಳನ್ನೆಲ್ಲ ಆ ಹತ್ತು ನಿಮಿಷದವನು ಬರೆದ ಹಾಗಿದೆ. (ಬೈಕ್ ಇರೋರು ಕಾಮೆಂಟಲ್ಲಿ ಜಗಳಕ್ಕೆ ಬರಬೇಡಿ, ಪೆಟ್ರೋಲ್ ರೇಟ್ ನನಗೂ ಗೊತ್ತು.)

ಹಾಗಾಗಿ ನಾನು ಜಿಎಂ ಆದಾಗ ದಾಳಕ್ಕಿಂತ ಮುಂಚೆ ಕೇಳೋ ಪ್ರಶ್ನೆ: ಈ ದಾರಿ ಇವರಿಂದ ಏನು ಕಿತ್ಕೊಳ್ಳುತ್ತೆ? ದುಡ್ಡು, ದಿನ, ಮೈಯ ಶಕ್ತಿ, ಹೊತ್ತ ಸಾಮಾನು. ಇದರಲ್ಲಿ ಯಾವುದು ಅಂತ ಆಟಗಾರರೇ ಆರಿಸಬೇಕು. ಆರಿಸೋದೇ ಆಟ.

ಒಂದು ಉದಾಹರಣೆ ಕೊಡ್ತೀನಿ. ಕಳೆದ ಮಳೆಗಾಲದಲ್ಲಿ ನಮ್ಮ ಟೇಬಲ್‌ಗೆ ಕೊಟ್ಟ ಕೆಲಸ: ಘಟ್ಟದ ಮೇಲಿನ ಊರಲ್ಲಿ ಜ್ವರ, ಔಷಧಿ ಮೂಟೆ ತಲುಪಿಸಬೇಕು. ದಾರಿ ಎರಡು. ಘಾಟಿ ದಾರಿ 2 ದಿನ, ಆದ್ರೆ ಎತ್ತಿನ ಗಾಡಿ ಹತ್ತಲ್ಲ. ಹೊರಬೇಕು, ಹೊರೋಕೆ ಆಗೋದು ಅರ್ಧ ಮೂಟೆ ಮಾತ್ರ. ಬಳಸು ದಾರಿ 5 ದಿನ, ಗಾಡಿ ಪೂರ್ತಿ ಹೋಗುತ್ತೆ, ಮಧ್ಯೆ ಸುಂಕದ ಕಟ್ಟೆ ಇದೆ. ಊರಲ್ಲಿ ದಿನಕ್ಕೊಂದು ಮನೆಗೆ ಜ್ವರ ಹಬ್ಬುತ್ತೆ ಅಂತ ಮೊದಲೇ ಹೇಳಿದ್ದೆ. ಮಲೆನಾಡಿನವರಿಗೆ ಇದೇನೂ ಕಲ್ಪನೆ ಅಲ್ಲ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡಲ್ಲ. ಶಿರಾಡಿಯಲ್ಲಿ ಗುಡ್ಡ ಕುಸಿದಾಗ ಮಂಗಳೂರಿಗೆ ಹೋಗೋರು ಎಷ್ಟು ಬಳಸಬೇಕು ಅಂತ ಹಾಸನದವರನ್ನ ಕೇಳಿ.

ಇಪ್ಪತ್ತೈದು ನಿಮಿಷ ಚರ್ಚೆ ಆಯ್ತು. ಅರ್ಧ ಔಷಧಿ ಬೇಗ ತಲುಪೋದು ಒಳ್ಳೇದಾ, ಪೂರ್ತಿ ಔಷಧಿ ತಡವಾಗಿ ತಲುಪೋದು ಒಳ್ಳೇದಾ? ಯಾರೂ ಫೋನ್ ಮುಟ್ಟಲಿಲ್ಲ. ಕೊನೆಗೆ ಗುಂಪನ್ನ ಎರಡು ಮಾಡ್ಕೊಂಡು ಹೋದ್ರು. ಇಡೀ ಪ್ರಯಾಣದಲ್ಲಿ ದಾಳ ಉರುಳಿದ್ದು ಎರಡೇ ಸಲ. ತೋಳ ಒಂದೂ ಬರಲಿಲ್ಲ.

(4/7)

"ಇದನ್ನೆಲ್ಲ ನೀನೇ ಕಂಡುಹಿಡಿದೆಯಾ?" ಅಂತ ಕೇಳ್ತೀರಾದ್ರೆ, ಇಲ್ಲಪ್ಪ. ಚೆನ್ನಾಗಿ ಮಾಡಿದ ಆಟಗಳಿವೆ, ನಮ್ಮಲ್ಲಿ ಹೆಸರು ಕೇಳಿದವರು ಕಡಿಮೆ ಅಷ್ಟೇ.

ಸ್ವೀಡನ್‌ನ ಫ್ರೀ ಲೀಗ್‌ನವರ ‘ಫರ್ಬಿಡನ್ ಲ್ಯಾಂಡ್ಸ್’ (2018) ದಿನವನ್ನ ನಾಲ್ಕು ಪಾಲು ಮಾಡುತ್ತೆ. ಒಂದು ಪಾಲಲ್ಲಿ ನಡೀಬಹುದು, ಇಲ್ಲ ಬೇಟೆ ಆಡಬಹುದು, ಇಲ್ಲ ಬಿಡಾರ ಹೂಡಬಹುದು, ಮಲಗಬಹುದು. ಹೆಚ್ಚು ನಡೆದ್ರೆ ಮಲಗೋಕೆ ಪಾಲು ಉಳಿಯಲ್ಲ. ಬಜೆಟ್ ಅಂದ್ರೆ ಇದೇ ತಾನೆ? ‘ದಿ ಒನ್ ರಿಂಗ್’ ಆಟ ಟೋಲ್ಕೀನ್ ಲೋಕದ್ದು, ಅಲ್ಲಿ ಹೊರಡೋ ಮುಂಚೆ ಜವಾಬ್ದಾರಿ ಹಂಚ್ಕೋತಾರೆ: ದಾರಿ ತೋರಿಸೋರು, ಮುಂದೆ ಹೋಗಿ ನೋಡ್ಕೊಂಡು ಬರೋರು, ಬೇಟೆಯವರು, ಕಾವಲಿನವರು. ಆಯಾಸ ಕೂಡ್ತಾ ಹೋಗುತ್ತೆ.

ನನಗೆ ಇವೆಲ್ಲಕ್ಕಿಂತ ಇಷ್ಟ ಆಗಿದ್ದು ‘ರ್ಯೂತಾಮಾ’. ಜಪಾನಿನ ಆಟ, ಅತ್ಸುಹಿರೋ ಒಕಾಡಾ ಬರೆದದ್ದು, 2007ರದ್ದು. ಇದರಲ್ಲಿ ಪಾತ್ರಗಳು ವೀರರಲ್ಲ. ರೈತ, ವ್ಯಾಪಾರಿ, ಹಾಡುಗಾರ, ವೈದ್ಯ, ಇಂಥವರು. ಆ ಲೋಕದಲ್ಲಿ ಪ್ರತಿಯೊಬ್ಬರೂ ಜೀವನದಲ್ಲಿ ಒಂದು ಸಲ ದೊಡ್ಡ ಪ್ರಯಾಣ ಹೊರಡ್ತಾರೆ. ಆಟ ಅಂದ್ರೆ ಆ ಪ್ರಯಾಣವೇ. ಬೆಳಿಗ್ಗೆ ಎದ್ದ ತಕ್ಷಣ ಇವತ್ತು ಮೈ ಹೇಗಿದೆ ಅಂತ ದಾಳ. ಒಂದೊಂದು ದಿನ ಕಾರಣವೇ ಇಲ್ಲದೆ ಚೆನ್ನಾಗಿರುತ್ತೆ, ಒಂದೊಂದು ದಿನ ಏಳೋಕೇ ಬೇಜಾರು, ಗೊತ್ತಲ್ಲ, ಹಾಗೆ. ಆಮೇಲೆ ನಡಿಗೆಯ ದಾಳ. ಇದರಲ್ಲಿ ಸೋತ್ರೆ ಇರೋ ಶಕ್ತಿಯಲ್ಲಿ ಅರ್ಧ ಹೋಗುತ್ತೆ. ಆಮೇಲೆ ದಿಕ್ಕಿನ ದಾಳ, ರಾತ್ರಿ ಬಿಡಾರದ ದಾಳ. ನೆಲ ಯಾವುದು, ಹವಾಮಾನ ಹೇಗಿದೆ ಅನ್ನೋದರ ಮೇಲೆ ಕಷ್ಟ ಹೆಚ್ಚುತ್ತೆ. ಅಂದ್ರೆ ಮಳೆಯಲ್ಲಿ ಬೆಟ್ಟ ಹತ್ತೋದೇ ಇಲ್ಲಿ ರಾಕ್ಷಸ.

ಕೆಲಸ ಹಂಚೋದೂ ಇದೆ: ಒಬ್ಬರು ನಾಯಕ, ಒಬ್ಬರು ಮ್ಯಾಪ್ ಬರೆಯೋರು, ಒಬ್ಬರು ಉಗ್ರಾಣದ ಲೆಕ್ಕ ನೋಡೋರು, ಒಬ್ಬರು ದಿನಚರಿ ಬರೆಯೋರು. ಉಗ್ರಾಣದ ಲೆಕ್ಕ! ಬಿಕಾಂ ಓದೋರಿಗೆ ಅಂತಲೇ ಒಂದು ಹುದ್ದೆ ಇಟ್ಟಿರೋ ಆಟ ಇನ್ನೊಂದು ತೋರಿಸಿ. ಸಾಮಾನು ತಗೊಳ್ಳುವಾಗ ‘ಮುದ್ದಾಗಿದೆ’, ‘ನಾರುತ್ತೆ’ ಅನ್ನೋ ಗುಣಗಳೂ ಇವೆ, ಅದರ ಮೇಲೆ ಬೆಲೆ ಏರುತ್ತೆ, ಇಳಿಯುತ್ತೆ. ನಾರೋ ಟೆಂಟು ಅಗ್ಗಕ್ಕೆ ಸಿಗುತ್ತೆ. ನಮ್ಮ ಟೇಬಲ್‌ನಲ್ಲಿ ಎಲ್ಲರ ಹತ್ರನೂ ನಾರೋ ಟೆಂಟೇ ಇತ್ತು.

(5/7)

ಈಗ ಗಾಡಿಗಳ ವಿಷಯ. ಈ ಪೋಸ್ಟ್ ಉದ್ದ ಆಗುತ್ತೆ, ನನ್ನ ಸಬ್ಜೆಕ್ಟ್ ಬಂತು.

‘ಟ್ರಾವೆಲರ್’ ಅಂತ ಒಂದು ಬಾಹ್ಯಾಕಾಶದ ಆಟ, ಮಾರ್ಕ್ ಮಿಲ್ಲರ್ ಮಾಡಿದ್ದು, 1977. ಇದರಲ್ಲಿ ನಿಮಗೊಂದು ಹಡಗು ಸಿಗಬಹುದು. ‘ಫ್ರೀ ಟ್ರೇಡರ್’ ಅಂತ ಪುಟ್ಟ ಸರಕು ಹಡಗು. ಹೀರೋ ಥರ ನಕ್ಷತ್ರಗಳ ಮಧ್ಯೆ ಹಾರಾಡಬಹುದು ಅಂತ ಖುಷಿಯಲ್ಲಿ ಪುಟ ತಿರುಗಿಸ್ತೀರಿ. ಅಲ್ಲಿ ಏನಿದೆ ಗೊತ್ತಾ? ಇಎಂಐ.

ನಿಜವಾಗಲೂ. ಹಡಗಿನ ಬೆಲೆ 3 ಕೋಟಿ 70 ಲಕ್ಷದ 80 ಸಾವಿರ ಕ್ರೆಡಿಟ್. 20 ಪರ್ಸೆಂಟ್ ಡೌನ್ ಪೇಮೆಂಟ್, ಮಿಕ್ಕಿದ್ದಕ್ಕೆ 40 ವರ್ಷದ ಸಾಲ. ತಿಂಗಳ ಕಂತು ಬೆಲೆಯ 240ನೇ ಒಂದು ಪಾಲು, ಅಂದ್ರೆ 1,54,500. ಹೀಗೆ 480 ತಿಂಗಳು. ಕೂಡಿಸಿ ನೋಡಿ: ಡೌನ್ ಪೇಮೆಂಟೂ ಸೇರಿ ಕಟ್ಟೋದು ಹಡಗಿನ ಬೆಲೆಯ 220 ಪರ್ಸೆಂಟ್.

ಈಗ ಆದಾಯ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಜಿಗಿಯೋಕೆ ಹೆಚ್ಚುಕಡಿಮೆ ಒಂದು ವಾರ. ಇಳಿದು ಸರಕು ಹುಡುಕಿ ಹೇರೋಕೆ ಇನ್ನೊಂದು ವಾರ. ಅಂದ್ರೆ ತಿಂಗಳಿಗೆ ಎರಡೇ ಟ್ರಿಪ್. ಹೊಟ್ಟೆಯಲ್ಲಿ 82 ಟನ್ ಹಿಡಿಯುತ್ತೆ, ಟನ್ನಿಗೆ ಬಾಡಿಗೆ 1,000. ಎರಡೂ ಟ್ರಿಪ್ ತುಂಬಿಸ್ಕೊಂಡು ಹೋದ್ರೆ 1,64,000. ಕಂತು ಕಟ್ಟಿದ ಮೇಲೆ ಉಳಿಯೋದು 9,500.

ಖರ್ಚು ಇನ್ನೂ ಶುರುವೇ ಆಗಿಲ್ಲ. ಪೈಲಟ್ 6,000, ಇಂಜಿನಿಯರ್ 4,000, ಸ್ಟೀವರ್ಡ್ 3,000, ವೈದ್ಯ 2,000, ಒಟ್ಟು ಸಂಬಳ 15,000. ಒಂದೊಂದು ಜಿಗಿತಕ್ಕೆ 20 ಟನ್ ಇಂಧನ, ಶುದ್ಧ ಇಂಧನ ಟನ್ನಿಗೆ 500, ಎರಡು ಜಿಗಿತಕ್ಕೆ 20,000. ಒಳಗಿರೋ ಗಾಳಿ, ಊಟಕ್ಕೆ ಒಂದು ಕೋಣೆಗೆ ಟ್ರಿಪ್ಪಿಗೆ 2,000, ಸಿಬ್ಬಂದಿಯ ನಾಲ್ಕು ಕೋಣೆಗೆ ತಿಂಗಳಿಗೆ 16,000. ಒಟ್ಟು 51,000. ಕೈಲಿರೋದು 9,500. ಹಡಗು ಪೂರ್ತಿ ತುಂಬಿದ್ರೂ 41,500 ಖೋತಾ!

ಇಲ್ಲಿಂದ ಆಟ ಶುರು ಆಗುತ್ತೆ ನೋಡಿ. ಖಾಲಿ ಕೋಣೆ ಆರು ಇವೆ, ಪ್ರಯಾಣಿಕರನ್ನ ಹತ್ತಿಸ್ಕೊಳ್ಳೋಣ. ಮಧ್ಯಮ ದರ್ಜೆ ಟಿಕೆಟ್ 8,000, ಅವರ ಗಾಳಿ ಊಟದ ಖರ್ಚು ಕಳೆದ್ರೆ 6,000 ಉಳಿಯುತ್ತೆ. ತಿಂಗಳಿಗೆ ಏಳು ಜನ ಸಿಕ್ರೆ ನಷ್ಟ ತಪ್ಪುತ್ತೆ. ಮಾರ್ಜಿನಲ್ ಕಾಸ್ಟಿಂಗ್ ಕ್ಲಾಸಲ್ಲಿ ಬ್ರೇಕ್ ಈವನ್ ಪಾಯಿಂಟ್ ಅಂತ ಮೂರು ದಿನ ಬೋರ್ಡ್ ಮೇಲೆ ಬರೆಸಿದ್ರಲ್ಲ, ಅದು ನನ್ನ ತಲೆಗೆ ಹತ್ತಿದ್ದು ಈ ಹಡಗಿಂದ. ಏಳನೇ ಪ್ರಯಾಣಿಕನಾಗಿ ಒಬ್ಬ ಮುಖ ಮುಚ್ಕೊಂಡು ಬಂದು ನಿಲ್ತಾನೆ. ಯಾರು, ಎಲ್ಲಿಂದ ಅಂತ ಹೇಳಲ್ಲ, ದುಡ್ಡು ಮಾತ್ರ ಮುಂಗಡ ಕೊಡ್ತಾನೆ. ಹತ್ತಿಸ್ಕೊಳ್ತೀರಾ ಇಲ್ವಾ? ಕಂತು ಇಲ್ಲದಿದ್ರೆ ಯಾವ ಆಟಗಾರನೂ ಹತ್ತಿಸ್ಕೊಳ್ಳಲ್ಲ. ಕಂತು ಇದ್ರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾರೆ.

ಇಂಧನದಲ್ಲೂ ಹಾಗೇ. ಅಶುದ್ಧ ಇಂಧನ ಟನ್ನಿಗೆ 100 ಮಾತ್ರ. ತಿಂಗಳಿಗೆ 16,000 ಉಳಿತಾಯ, ಆದ್ರೆ ಜಿಗಿತ ಎಡವಟ್ಟಾಗೋ ಅಪಾಯ ಜಾಸ್ತಿ. ಸರ್ವಿಸ್‌ಗೆ ವರ್ಷಕ್ಕೆ ಎರಡು ವಾರ ನಿಲ್ಲಿಸಬೇಕು. ಆ ಎರಡು ವಾರ ಆದಾಯ ಸೊನ್ನೆ, ಕಂತು ಮಾತ್ರ ನಿಲ್ಲಲ್ಲ. ಕಂತು ಕಟ್ಟದೆ ಓಡಿ ಹೋದ್ರೆ? ಹುಡುಕ್ಕೊಂಡು ಬಂದು ಹಡಗು ಜಪ್ತಿ ಮಾಡೋರು ಆ ಲೋಕದಲ್ಲೂ ಇದ್ದಾರೆ. ಊರಲ್ಲಿ ಟಾಟಾ ಏಸ್ ಸಾಲದಲ್ಲಿ ತಗೊಂಡು, ಎರಡು ಕಂತು ತಪ್ಪಿಸಿ, ‘ಸೀಜ್’ ಅನ್ನೋ ಪದಕ್ಕೆ ಹೆದರಿ ಗಾಡಿಯನ್ನ ಸಂಬಂಧಿಕರ ತೋಟದಲ್ಲಿ ನಿಲ್ಲಿಸಿದವರನ್ನ ನೀವು ನೋಡಿದ್ರೆ, ಟ್ರಾವೆಲರ್‌ನ ನಿಯಮ ಪುಸ್ತಕ ನಿಮಗೆ ಓದೋಕೇ ಬೇಕಾಗಿಲ್ಲ.

ಇನ್ನೊಂದು ಸಣ್ಣ ನಿಯಮ ಇಡೀ ಲೋಕವನ್ನೇ ಬದಲಾಯಿಸುತ್ತೆ. ಅಲ್ಲಿ ಹಡಗಿಗಿಂತ ವೇಗವಾಗಿ ಸುದ್ದಿ ಹೋಗಲ್ಲ. ಫೋನ್ ಇಲ್ಲ, ಮೆಸೇಜ್ ಇಲ್ಲ. ಯುದ್ಧ ಶುರುವಾದ್ರೂ ಪಕ್ಕದ ನಕ್ಷತ್ರಕ್ಕೆ ಗೊತ್ತಾಗೋದು ಒಂದು ವಾರ ಆದ ಮೇಲೆ, ಅದೂ ಯಾರಾದ್ರೂ ಹಡಗು ತಗೊಂಡು ಹೋಗಿ ಹೇಳಿದ್ರೆ. ಹಾಗಾಗಿ ನೀವು ಬರೀ ಸರಕು ಸಾಗಿಸಲ್ಲ, ಸುದ್ದಿನೂ ಸಾಗಿಸ್ತೀರಿ. ಪ್ರಯಾಣಕ್ಕೆ ಒಂದು ವಾರ ಅಂತ ಬೆಲೆ ಇಟ್ಟಿದ್ದಕ್ಕೇ ಇದು ಸಾಧ್ಯ ಆಗಿದ್ದು.

(6/7)

ಗಾಡಿ ಬಂದ್ರೆ ಇನ್ನೊಂದು ತಲೆನೋವು: ಚೇಸ್, ಫೈಟು. ಒಬ್ಬ ಡ್ರೈವರ್, ನಾಲ್ಕು ಜನ ಹಿಂದಿನ ಸೀಟು. ಡ್ರೈವರ್ ದಾಳ ಹಾಕ್ತಾನೆ, ಮಿಕ್ಕವರು ಸೀಟ್ ಬೆಲ್ಟ್ ಹಿಡ್ಕೊಂಡು ಕೂತಿರ್ತಾರೆ.

ಇದಕ್ಕೆ ಹಳೇ ಕಾಲದ ಉತ್ತರ ಲೆಕ್ಕ ಜಾಸ್ತಿ ಮಾಡೋದು. 80ರ ದಶಕದ ‘ಕಾರ್ ವಾರ್ಸ್’ ಆಟದಲ್ಲಿ ಒಂದು ಟರ್ನ್ ಅಂದ್ರೆ ಒಂದೇ ಸೆಕೆಂಡು. ಆ ಸೆಕೆಂಡನ್ನೂ ತುಂಡು ಮಾಡ್ತಾರೆ. ಅದು ಕಾರುಗಳದ್ದೇ ಆಟ, ಅಲ್ಲಿ ಸರಿ. ಅದನ್ನೇ ಕಥೆ ಹೇಳೋ ಆಟಕ್ಕೆ ತಂದ್ರೆ ಅರ್ಧ ನಿಮಿಷದ ಚೇಸಿಗೆ ಒಂದು ಶನಿವಾರ ಹೋಗುತ್ತೆ. 2017ರ ‘ಸ್ಟಾರ್‌ಫೈಂಡರ್’ ಬೇರೆ ದಾರಿ ಹಿಡೀತು: ಕ್ಯಾಪ್ಟನ್, ಪೈಲಟ್, ಇಂಜಿನಿಯರ್, ಗನ್ನರ್, ಸೈನ್ಸ್ ಆಫೀಸರ್ ಅಂತ ಎಲ್ಲರಿಗೂ ಒಂದು ಕುರ್ಚಿ. ಉದ್ದೇಶ ಚೆನ್ನಾಗಿದೆ. ಆದ್ರೆ ಆಡಿ ನೋಡಿದ್ರೆ ಸೈನ್ಸ್ ಆಫೀಸರ್ ಪ್ರತಿ ಸುತ್ತಿನಲ್ಲೂ ಅದೇ ದಾಳ, ಅದೇ ಮಾತು. ಕುರ್ಚಿ ಸಿಕ್ತು, ಯೋಚನೆ ಮಾಡೋ ಕೆಲಸ ಸಿಗಲಿಲ್ಲ. ನನಗೆ ಇದು ಇಷ್ಟ ಆಗಲ್ಲ, ಇಷ್ಟ ಆಗೋರು ಇದ್ದಾರೆ, ಇರಲಿ.

ನನಗೆ ಹಿಡಿಸಿದ್ದು ವಿನ್ಸೆಂಟ್ ಮತ್ತು ಮೆಗುವೇ ಬೇಕರ್ ಅವರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ (2010). ಅಲ್ಲಿ ಕಾರಿಗೆ ಬಲ ಏನು, ನೋಡೋಕೆ ಹೇಗಿದೆ ಅನ್ನೋದರ ಜೊತೆಗೆ ದೌರ್ಬಲ್ಯ ಏನು ಅಂತಲೂ ಬರೀಬೇಕು. ಸದ್ದು ಜಾಸ್ತಿ, ಪೆಟ್ರೋಲ್ ಕುಡಿಯುತ್ತೆ, ಯಾವಾಗ ಕೈ ಕೊಡುತ್ತೋ ಗೊತ್ತಿಲ್ಲ, ಹೀಗೆ. ಒಂದು ಪದ ಅಷ್ಟೇ. ಆದ್ರೆ ಆ ಒಂದು ಪದದಿಂದ ಜಿಎಂಗೆ ಹತ್ತು ಸೀನ್ ಸಿಗುತ್ತೆ. ಕಳ್ಳತನದಿಂದ ಹೋಗಬೇಕು, ಕಾರು ಊರೆಲ್ಲ ಎಬ್ಬಿಸುತ್ತೆ. ಏನ್ ಮಾಡ್ತೀರಾ, ತಳ್ಕೊಂಡು ಹೋಗ್ತೀರಾ? ತಳ್ಳೋಕೆ ಐದೂ ಜನ ಬೇಕು. ಹಿಂದಿನ ಸೀಟಿನವರಿಗೂ ಕೆಲಸ ಬಂತು.

ನಮ್ಮ ಟೇಬಲ್‌ನ ಔಷಧಿ ಗಾಡಿಗೂ ಹೀಗೇ ಮಾಡಿದ್ವಿ. ಎತ್ತುಗಳಿಗೆ ಹೆಸರಿಟ್ವಿ. ದೌರ್ಬಲ್ಯ ಅಂತ ಬರೆದದ್ದು: ‘ಎಡಗಡೆ ಕಡಾಣಿ ಸಡಿಲ’. ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕ್ತಾರಲ್ಲ, ಆ ಕೀಲು. ಇದನ್ನ ಸೇರಿಸಿದ್ದು ಹಳ್ಳಿಯಿಂದ ಬರೋ ಅದೇ ಗೆಳತಿ, ನಮಗ್ಯಾರಿಗೂ ಆ ಪದವೇ ಗೊತ್ತಿರಲಿಲ್ಲ. ಐದು ದಿನದ ದಾರಿಯಲ್ಲಿ ಪ್ರತಿ ಇಳಿಜಾರಿಗೂ ಎಲ್ಲರೂ ಎಡ ಚಕ್ರ ನೋಡ್ತಿದ್ರು. ಅದು ಕಳಚಲೇ ಇಲ್ಲ ಕೊನೆವರೆಗೂ. ನಾನು ಕಳಚಿಸಲಿಲ್ಲ. ಹೆದರಿಕೆನೇ ಸಾಕಾಗಿತ್ತು.

(7/7)

ಈಗ ನೀವು ಡಿಎಂನಲ್ಲಿ ಕೇಳಿದ್ದಕ್ಕೆ ಉತ್ತರ.

"ನಮಗೆ ಸಿಗೋದೇ ಎರಡು ಗಂಟೆ, ಅದರಲ್ಲಿ ಪ್ರಯಾಣಕ್ಕೆ ಟೈಮ್ ಎಲ್ಲಿ?" ಸರಿಯಾದ ಪ್ರಶ್ನೆ. ದಾರಿಯಲ್ಲಿ ಆರಿಸೋಕೆ ಏನೂ ಇಲ್ಲ, ಕಳ್ಕೊಳ್ಳೋಕೆ ಏನೂ ಇಲ್ಲ ಅಂದ್ರೆ ದಯವಿಟ್ಟು ಒಂದೇ ವಾಕ್ಯದಲ್ಲಿ ಮುಗಿಸಿ. ‘ಬ್ಲೇಡ್ಸ್ ಇನ್ ದ ಡಾರ್ಕ್’ ಅಂತ ಕಳ್ಳರ ಆಟ ಇದೆ, ಪೂರ್ತಿ ಒಂದೇ ನಗರದಲ್ಲಿ ನಡೆಯೋದು. ಅಲ್ಲಿ ಮನೆಯಿಂದ ಹೊರಟದ್ದು, ಬೀದಿ ದಾಟಿದ್ದು ಯಾವುದೂ ಇಲ್ಲ. ಒಂದು ದಾಳ ಹಾಕಿ ನೇರ ಕಳ್ಳತನದ ಮಧ್ಯಕ್ಕೇ ಇಳೀತೀರಿ. ಆ ಆಟಕ್ಕೆ ಅದೇ ಸರಿ. ಬಿಡೋದು ತಪ್ಪು ಅಂತ ನಾನು ಹೇಳ್ತಾನೇ ಇಲ್ಲ. ಬಿಟ್ಟಾಗಲೂ ಬಿಲ್ ಕೊಡಿ ಅಂತ ಹೇಳ್ತಿದ್ದೀನಿ. "ಮೂರು ದಿನ ಆಯ್ತು. ಬುತ್ತಿ ಮುಗೀತು, ಕುದುರೆ ಕುಂಟ್ತಿದೆ, ಊರಲ್ಲಿ ಜಾತ್ರೆ ನಿನ್ನೆನೇ ಮುಗಿದಿದೆ." ಇದಕ್ಕೆ ಹತ್ತು ಸೆಕೆಂಡು ಸಾಕು.

"ದಿನಾ ಬಸ್ಸು, ಸಾಲ, ಕಂತು ಇದೇ ಆಯ್ತು, ಆಟದಲ್ಲೂ ಅದೇ ಬೇಕಾ? ಆಟ ಆಡೋದೇ ಅದನ್ನ ಮರೆಯೋಕೆ" ಅಂತ ಒಬ್ಬರು ಬರೆದಿದ್ರು. ಈ ಪ್ರಶ್ನೆ ಎರಡು ದಿನ ತಲೆಯಲ್ಲೇ ಇತ್ತು. ಟೇಬಲ್‌ನಲ್ಲಿ ಗೆಳತಿಯನ್ನೇ ಕೇಳಿದೆ. ಅವಳು ಹೇಳಿದ್ದು: "ಬಸ್ಸಿಗೆ ಕಾಯುವಾಗ ನನ್ನ ಕೈಲಿ ಏನೂ ಇರಲ್ಲ ಕಣೇ. ಇಲ್ಲಿ ಯಾವ ದಾರಿ ಅಂತ ನಾನೇ ಹೇಳ್ತೀನಲ್ಲ." ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಆದ್ರೂ ವಾರ ಪೂರ್ತಿ ಸುಸ್ತಾಗಿ ಬಂದ ಟೇಬಲ್ ಆದ್ರೆ ಕಂತು ಬೇಡ, ಡ್ರ್ಯಾಗನ್ ಮೇಲೆ ಹಾರಿಸಿ. ಟೇಬಲ್‌ನವರನ್ನ ಒಂದು ಮಾತು ಕೇಳಿ ಶುರು ಮಾಡಿ, ಅಷ್ಟೇ.

"ನಿಯಮ ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ." ಬೇಡವೇ ಬೇಡ. ಮೂರನೇ ಪೋಸ್ಟ್‌ನ ಘಾಟಿ ದಾರಿಗೆ ಯಾವ ಪುಸ್ತಕವೂ ಇರಲಿಲ್ಲ. ರಫ್ ನೋಟ್ಸ್‌ನ ಕೊನೇ ಪುಟ, ಎರಡು ಗೆರೆ. ಎಡಗಡೆ ಏನೇನು ಹೊತ್ಕೊಂಡು ಹೊರಟ್ರಿ, ಬಲಗಡೆ ಏನೇನು ಖರ್ಚಾಯ್ತು.

ನಮ್ಮ ಟೇಬಲ್ ಈಗ ಟ್ರಾವೆಲರ್ ಆಡ್ತಿದೆ. ಹಡಗಿಗೆ ‘ಲೇಟ್ ಲಕ್ಷ್ಮಿ’ ಅಂತ ಹೆಸರಿಟ್ಟಿದ್ದಾರೆ. ಲೇಟ್ ಅಂದ್ರೆ ಸತ್ತೋದ್ಲು ಅಂತ ಅರ್ಥ ಬರುತ್ತೆ ಅಂದ್ರೂ ಯಾರೂ ಕೇಳಲಿಲ್ಲ. ಮೂರನೇ ಕಂತಿಗೆ ಇನ್ನು ಒಂದೇ ಟ್ರಿಪ್ ಉಳಿದಿದೆ, ಕೈಲಿ ದುಡ್ಡು ಸಾಲ್ತಾ ಇಲ್ಲ. ಬಂದರಲ್ಲಿ ಎರಡು ಸರಕು ಇದೆ. ಒಂದು 82 ಟನ್ ಬಿತ್ತನೆ ಬೀಜ, ಮಾಮೂಲಿ ಬಾಡಿಗೆ, ನೇರ ದಾರಿ. ಇನ್ನೊಂದು ಸೀಲ್ ಮಾಡಿದ ಒಂದೇ ಪೆಟ್ಟಿಗೆ, ಮೂರರಷ್ಟು ಬಾಡಿಗೆ, ಒಳಗೇನಿದೆ ಅಂತ ಕೇಳೋ ಹಾಗಿಲ್ಲ, ಅಶುದ್ಧ ಇಂಧನ ಮಾತ್ರ ಸಿಗೋ ಬಂದರಿನ ಮೂಲಕ ಹೋಗಬೇಕು. ಶನಿವಾರ ಮಧ್ಯಾಹ್ನ 3ಕ್ಕೆ ಕೂರ್ತೀವಿ, 5:40ರ ಬಸ್ಸಿಗೆ ಮುಂಚೆ ಮುಗಿಸಬೇಕು. ಬೀಜವೋ ಪೆಟ್ಟಿಗೆಯೋ, ಕಾಮೆಂಟಲ್ಲಿ ಕಾರಣ ಸಮೇತ ಹಾಕಿ. ನಮ್ಮವರು ಶುಕ್ರವಾರ ರಾತ್ರಿ ಕೂತು ಎಲ್ಲ ಓದ್ತಾರಂತೆ.

#ಟೇಬಲ್‌ಟಾಪ್‌ಕನ್ನಡ #ದಾಳಉರುಳಲಿ #ಲೇಟ್‌ಲಕ್ಷ್ಮಿ #ಬಿಕಾಂಬಾಹ್ಯಾಕಾಶ